ಹಾಜರಿಯಲ್ಲಿದ್ದ ಹುಡುಗಿ

2001ರ ಜೂನ್‌ನಲ್ಲಿ ಶಾಲೆ ತೆರೆದ ಮೊದಲ ವಾರ ಐದನೇ ತರಗತಿಯ ಸ್ನೇಹಲತಾ ಬರಲಿಲ್ಲ. ಎರಡನೇ ವಾರವೂ ಬರಲಿಲ್ಲ.

ಸಂಪಿಗೆಕೊಪ್ಪಲಿನ ಆ ಸರ್ಕಾರಿ ಶಾಲೆಯಲ್ಲಿ ಶ್ರೀಗೌರಿ ಆರು ವರ್ಷದಿಂದ ಪಾಠ ಮಾಡುತ್ತಿದ್ದಳು. ಹೊಳೆನರಸೀಪುರದಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಅಪ್ಪ ಚನ್ನಕೇಶವಯ್ಯನವರ ಜೊತೆ ಅವಳ ವಾಸ. ಎಂಟೂವರೆಯ ಅರಕಲಗೂಡು ಬಸ್ಸು ಹಿಡಿದರೆ ಒಂಬತ್ತೂಕಾಲಿಗೆ ಊರಿನ ತಿರುವಿನಲ್ಲಿ ಇಳಿಸುತ್ತಿತ್ತು. ವಯಸ್ಸು ಮೂವತ್ತೈದು ದಾಟಿತ್ತು. ಮನೆಯಲ್ಲಿ ಮದುವೆಯ ಮಾತು ನಿಂತು ನಾಲ್ಕೈದು ವರ್ಷವಾಗಿತ್ತು. ಶಾಲೆ, ಅಪ್ಪನ ಊಟ ಔಷಧಿ, ಭಾನುವಾರದ ಒಗೆತ ಇಷ್ಟರಲ್ಲಿ ಅವಳ ದಿನ ಹೋಗುತ್ತಿತ್ತು, ಅದರ ಬಗ್ಗೆ ದೂರೂ ಇರಲಿಲ್ಲ.

ಸ್ನೇಹಲತಾ ಜಾಣೆಯೇನಲ್ಲ. ಮೂರನೇ ತರಗತಿ ಮುಗಿದರೂ ಒತ್ತಕ್ಷರ ಅವಳ ನಾಲಿಗೆಗೆ ಹತ್ತಿರಲಿಲ್ಲ. ನಾಲ್ಕನೇ ತರಗತಿಯಲ್ಲಿ ಶ್ರೀಗೌರಿ ದಿನವೂ ಊಟದ ಬಿಡುವಿನಲ್ಲಿ ಅವಳನ್ನು ಕೂರಿಸಿಕೊಂಡು ಓದಿಸಿದ್ದಳು. ಮಾರ್ಚ್ ತಿಂಗಳ ಹೊತ್ತಿಗೆ ಪಾಠವನ್ನು ಬೆರಳಿಟ್ಟು ಒಂದೊಂದೇ ಪದವಾಗಿ ಓದುವಷ್ಟಾಗಿತ್ತು. ಕಥೆಯೆಂದರೆ ಮಾತ್ರ ಹುಡುಗಿ ಬಾಯಿ ಬಿಟ್ಟುಕೊಂಡು ಕೇಳುವಳು. ಮುಗಿಯಿತು ಎಂದರೂ "ಆಮ್ಯಾಕೆ ಏನಾಯ್ತು ಮಿಸ್?" ಎನ್ನುವಳು. ಉಳಿದ ಮಕ್ಕಳು ನಗುತ್ತಿದ್ದರು.

ಅವಳ ಅಪ್ಪ ಕಾಂತರಾಜು ಟ್ರ್ಯಾಕ್ಟರ್ ನಾಲೆಗೆ ಮಗುಚಿಕೊಂಡು ಸತ್ತು ಮೂರು ವರ್ಷವಾಗಿತ್ತು. ತಾಯಿ ಮಲ್ಲಿಗಮ್ಮ ಹೊಗೆಸೊಪ್ಪಿನ ಕಾಲದಲ್ಲಿ ರಾಮನಾಥಪುರದ ಕಡೆಗೆ ಕೂಲಿಗೆ ಹೋದರೆ ಅಲ್ಲೇ ತಿಂಗಳುಗಟ್ಟಲೆ ಉಳಿಯುತ್ತಿದ್ದಳು. ಮನೆಯಲ್ಲಿ ಅಜ್ಜಿ ಮತ್ತು ಮೊಮ್ಮಗಳು, ಇಬ್ಬರೇ.

ಎರಡನೇ ಶನಿವಾರ ಶ್ರೀಗೌರಿ ಶಾಲೆ ಬಿಟ್ಟ ಮೇಲೆ ಆ ಮನೆಗೆ ಹೋದಳು. ಅಜ್ಜಿ ಜಗುಲಿಯ ಮೇಲೆ ಅವರೆಕಾಳು ಹರಡಿಕೊಂಡು ಕೈಯಲ್ಲೇ ತಡವಿ ಕಲ್ಲು ಆರಿಸುತ್ತಿದ್ದಳು. ಕಣ್ಣಿನ ಪೊರೆ ಬಲಿತಿತ್ತು.

"ಯಾರವ್ವ?"

"ಸ್ಕೂಲಿನ ಮೇಡಂ ಅಜ್ಜಿ. ಸ್ನೇಹ ಎಲ್ಲಿ?"

"ಅವ್ಳಾ? ಬಾಗೂರ್ಗೆ ಓಗವ್ಳೆ ಕಣವ್ವ, ಅವ್ರ ಸ್ವಾದರತ್ತೆ ಮನೇಗೆ."

"ಯಾವಾಗ ಬರ್ತಾಳೆ?"

"ಬತ್ತಾಳೆ ಬತ್ತಾಳೆ," ಎಂದು ಅಜ್ಜಿ ಕಾಳಿನ ಕಡೆಗೆ ತಿರುಗಿದಳು. "ಅಕ್ಕಿ ಯಾವತ್ತು ಕೊಡ್ತೀರವ್ವ?"

ಆಗಿನ್ನೂ ಶಾಲೆಯಲ್ಲಿ ಬಿಸಿಯೂಟ ಶುರುವಾಗಿರಲಿಲ್ಲ. ತಿಂಗಳಲ್ಲಿ ಇಷ್ಟು ದಿನ ಬಂದ ಮಗುವಿಗೆ ಮೂರು ಕಿಲೋ ಅಕ್ಕಿ ಎಂದು ಲೆಕ್ಕವಿತ್ತು. ಸೋಮವಾರ ಶ್ರೀಗೌರಿ ಹಾಜರಿ ಪುಸ್ತಕದಲ್ಲಿ ಸ್ನೇಹಲತಾಳ ಹೆಸರಿನ ಮುಂದೆ ಗೈರು ಗುರುತು ಹಾಕುತ್ತಿದ್ದಾಗ ಹೆಡ್‌ಮಾಸ್ಟರ್ ಚಂದ್ರಶೇಖರಯ್ಯ ಪಕ್ಕದಲ್ಲಿ ಬಂದು ನಿಂತರು. ಮಕ್ಕಳಿಗೆ ಎಂದೂ ಕೈ ಎತ್ತಿದವರಲ್ಲ. ನಿವೃತ್ತಿಗೆ ಇನ್ನು ಒಂದು ವರ್ಷ ಚಿಲ್ಲರೆ.

"ಗೌರಮ್ಮ, ಅದನ್ನ ಪೆನ್ನಲ್ಲಿ ಹಾಕ್ಬೇಡಿ."

"ಬಂದಿಲ್ಲ ಸಾರ್ ಅವಳು. ಎರಡು ವಾರ ಆಯ್ತು."

"ಗೊತ್ತು. ಆದರೆ ಎಂಬತ್ತೊಂದು ಮಕ್ಕಳಿಗೆ ಮೂರು ಜನ ಟೀಚರು. ಎಂಬತ್ತಕ್ಕಿಳಿದರೆ ಒಂದು ಹುದ್ದೆ ಕಿತ್ತು ಬೇರೆ ಕಡೆ ಹಾಕ್ತಾರೆ. ಕೊನೇಲಿ ಬಂದವರು ನೀವು." ಅವರು ಧ್ವನಿ ತಗ್ಗಿಸಿದರು. "ನಿಮ್ಮ ತಂದೆಯವರನ್ನ ಬಿಟ್ಟು ಸಕಲೇಶಪುರಕ್ಕೆ ಹೋಗ್ತೀರಾ? ಮಗು ನಾಳೆ ನಾಡಿದ್ದು ಬರುತ್ತೆ. ಅಕ್ಕಿ ಅಜ್ಜಿಗೇ ಹೋಗುತ್ತಲ್ಲ, ಯಾರಿಗೂ ಮೋಸ ಇಲ್ಲ."

ಶ್ರೀಗೌರಿ ಆ ದಿನದ ಚೌಕವನ್ನು ಖಾಲಿ ಬಿಟ್ಟಳು. ಮರುದಿನ ನೋಡಿದರೆ ಹಿಂದಿನ ಎರಡು ವಾರಕ್ಕೂ ಹಾಜರಿ ತುಂಬಿತ್ತು. ಜುಲೈಯಿಂದ ಅವಳೇ ತುಂಬತೊಡಗಿದಳು. ಮೊದಲ ದಿನ ಕೈ ತಡೆಯಿತು. ಆಮೇಲೆ ತಡೆಯಲಿಲ್ಲ. ಒಂದು ದಿನ ಕಾಫಿ ಕುಡಿಯುವಾಗ ಅಪ್ಪನಿಗೆ ಇದನ್ನು ಹೇಳಿಕೊಂಡಳು. ಅವರು ಪಂಚಾಂಗದಿಂದ ತಲೆಯೆತ್ತದೆ "ಎಲ್ಲ ಕಡೆ ಹೀಗೇ ಅಲ್ಲವೇನಮ್ಮ" ಎಂದರು.

ದಸರಾ ರಜೆಯಲ್ಲಿ ಅವಳು ಹಾಸನಕ್ಕೆ, ಅಕ್ಕ ಸರಸಳ ಮನೆಗೆ ಹೋದಳು. ಫೋನ್ ಮಾಡಿರಲಿಲ್ಲ. ಸರಸ ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಭಾವ ಮುರಳೀಕೃಷ್ಣ ಸರ್ಕಾರಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಲೆಕ್ಚರರ್. ದೊಡ್ಡವಳು ಇಂಚರ ಆರನೇ ಕ್ಲಾಸು, ಚಿಕ್ಕವನು ಆತ್ರೇಯನಿಗೆ ಇನ್ನೂ ಒಂದೂವರೆ ವರ್ಷ. ಬೇಸಿಗೆಯಿಂದ ಈಚೆಗೆ ಅಕ್ಕನೇ ಎರಡು ಸಲ ಹೊಳೆನರಸೀಪುರಕ್ಕೆ ಬಂದುಹೋಗಿದ್ದಳು. ನೀನು ಬಾ ಎಂದು ಒಮ್ಮೆಯೂ ಕರೆದಿರಲಿಲ್ಲ. ಅದು ಶ್ರೀಗೌರಿಗೆ ಹೊಳೆದದ್ದು ಆಮೇಲೆ.

ವಿದ್ಯಾನಗರದ ಆ ಮನೆಯ ಗೇಟಿನ ಚಿಲಕ ಸದ್ದು ಮಾಡಿದಾಗ ಬಾಗಿಲು ತೆರೆದವಳು ಸ್ನೇಹಲತಾ. ಸೊಂಟದ ಮೇಲೆ ಆತ್ರೇಯನಿದ್ದ. ಮೈಮೇಲೆ ಇಂಚರಳ ಹಳೆಯ ಹಳದಿ ಫ್ರಾಕು. ಹುಡುಗಿ ಶ್ರೀಗೌರಿಯ ಮುಖ ನೋಡಿದಳು, ತಕ್ಷಣ ನೆಲ ನೋಡಿದಳು. ಒಳಗೆ ತಿರುಗಿ, "ಅಕ್ಕೋರೆ, ಯಾರೋ ಬಂದವ್ರೆ," ಎಂದು ಕೂಗಿ ಮಗುವನ್ನೆತ್ತಿಕೊಂಡು ಹಿತ್ತಿಲಿಗೆ ಹೋಗಿಬಿಟ್ಟಳು.

ಸರಸ ಕೈಯೊರೆಸಿಕೊಳ್ಳುತ್ತ ಬಂದವಳು ತಂಗಿಯನ್ನು ಕಂಡು ನಿಂತಳು.

"ಫೋನ್ ಮಾಡಿ ಬರಬಾರದಿತ್ತಾ ಗೌರಿ?"

"ಆ ಹುಡುಗಿ ಇಲ್ಲೇನು ಮಾಡ್ತಿದಾಳೆ?"

"ಕೂತ್ಕೋ ಮೊದಲು."

"ಅವಳು ನನ್ನ ಕ್ಲಾಸಿನ ಹುಡುಗಿ ಅಕ್ಕ. ನಿನಗೆ ಗೊತ್ತಿತ್ತಾ?"

ಸರಸಳಿಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು. ಸಂಪಿಗೆಕೊಪ್ಪಲಿನ ನಂಜಪ್ಪ, ಊರಿನಲ್ಲಿ ಹೆಚ್ಚು ಜಮೀನಿದ್ದವನು, ಕಾಂತರಾಜುವಿಗೆ ದೂರದ ಅಣ್ಣನಾಗಬೇಕು. ಮುಹೂರ್ತ ಕೇಳಲು ಚನ್ನಕೇಶವಯ್ಯನವರಲ್ಲಿಗೆ ಬರುತ್ತಿದ್ದ. ಬಂದಾಗಲೆಲ್ಲ ಒಂದು ಚೀಲ ತೆಂಗಿನಕಾಯಿ ಇಳಿಸುತ್ತಿದ್ದ. ಮೊದಲ ಸಲ ಅವನನ್ನು ಮನೆಗೆ ಕರೆತಂದವಳು ಶ್ರೀಗೌರಿಯೇ. ಏಪ್ರಿಲ್‌ನಲ್ಲಿ ಬಂದಿದ್ದಾಗ ಅಪ್ಪ, ದೊಡ್ಡ ಮಗಳು ಮತ್ತೆ ಕೆಲಸಕ್ಕೆ ಹೋಗಬೇಕು, ಮಗು ನೋಡಿಕೊಳ್ಳಲು ಜನವಿಲ್ಲ ಎಂದಿದ್ದರು. ನಮ್ಮಲ್ಲೊಂದು ಹೆಣ್ಮಗ ಅದೆ ಸಾಮಿ, ತಂದೆ ಇಲ್ಲದ್ದು, ಉಣ್ಕಂಡು ಇರ್ತದೆ ಎಂದು ನಂಜಪ್ಪ ಹೇಳಿದ್ದ. ಮೇ ತಿಂಗಳಲ್ಲಿ ಅವನೇ ತಂದು ಬಿಟ್ಟುಹೋಗಿದ್ದ.

"ನಿನಗೆ ಹೇಳಿದ್ರೆ ನೀನು ಬಿಡ್ತಿರಲಿಲ್ಲ," ಎಂದಳು ಸರಸ. "ಇವಳಿಗೆ ಇಲ್ಲಿ ಏನು ಕಡಿಮೆ ಆಗಿದೆ ಹೇಳು. ಮೂರು ಹೊತ್ತು ಊಟ. ಬಟ್ಟೆ. ಜ್ವರ ಬಂದಾಗ ಡಾಕ್ಟರ್ ಹತ್ರ ಕರ್ಕೊಂಡ್ಹೋಗಿದೀನಿ. ಇಂಚರ ಬಿಡುವಾದಾಗ ಎಬಿಸಿಡಿ ಹೇಳ್ಕೊಡ್ತಾಳೆ. ಆತ್ರೇಯ ಎಲ್‌ಕೆಜಿಗೆ ಹೋಗೋವರೆಗೆ. ಆಮೇಲೆ ಕಳಿಸಿಬಿಡ್ತೀನಿ."

"ಆಮೇಲೆ ಕಳಿಸಿದರೆ ಯಾವ ಕ್ಲಾಸಿಗೆ ಸೇರಿಸ್ಲಿ ಅವಳನ್ನ?"

ಒಲೆಯ ಮೇಲೆ ಹಾಲಿತ್ತು, ಸರಸ ಎದ್ದು ಹೋದಳು.

ಹಿತ್ತಿಲಲ್ಲಿ ಸ್ನೇಹಲತಾ ಮಗುವನ್ನು ಒಗೆಯುವ ಕಲ್ಲಿನ ಮೇಲೆ ಕೂರಿಸಿ ಅದರ ಮುಂದೆ ಬಕೆಟ್ಟು ಬಡಿಯುತ್ತಿದ್ದಳು. ಬಲಗೈಯ ಮಣಿಕಟ್ಟಿನ ಹತ್ತಿರ ಸುಟ್ಟು ಮಾಯ್ದ ಗುರುತು.

"ಇದೇನು ಸ್ನೇಹ?"

"ಆಲು ಚೆಲ್ತು ಮಿಸ್."

"ಸ್ಕೂಲಿಗೆ ಬರ್ತೀಯಾ? ನಾನು ಕರ್ಕೊಂಡು ಹೋಗ್ಲಾ?"

ಹುಡುಗಿ ಒಳಗಿನ ಬಾಗಿಲ ಕಡೆ ನೋಡಿದಳು. "ಅವ್ವುಂಗೆ ಯೋಳ್ಬ್ಯಾಡಿ ಮಿಸ್."

"ಏನನ್ನ?"

"ನಾನು ಬತ್ತೀನಿ ಅಂದೆ ಅಂತ."

ಇನ್ನೂ ಅವಳು ಬರುತ್ತೇನೆ ಎಂದಿರಲಿಲ್ಲ.

ಸಂಜೆ ಮುರಳೀಕೃಷ್ಣ ಬಂದ. ಎಲ್ಲವನ್ನೂ ಕೇಳಿದ. ಅವನು ಜೋರು ಮಾತಾಡುವ ಮನುಷ್ಯನಲ್ಲ. ಸರ್ಕಾರಿ ನೌಕರರು ಹದಿನಾಲ್ಕರೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳಬಾರದೆಂದು ಪೇಪರಿನಲ್ಲಿ ಓದಿದ್ದೇನೆ ಭಾವ, ಎಂದು ಶ್ರೀಗೌರಿ ಹೇಳಿದಾಗ ಅವನು ತುಸು ಹೊತ್ತು ಚಹಾದ ಲೋಟವನ್ನೇ ತಿರುಗಿಸುತ್ತಿದ್ದ.

"ದೂರು ಕೊಡಬೇಕು ಅಂತಿದೀಯಾ?"

"ಹಾಗಲ್ಲ. ನೀವೇ ಕಳಿಸಿಕೊಡಿ ಅಂತ."

"ಕೊಟ್ಟರೂ ಕೊಡು. ಆದರೆ ಮಾವನವರು ಹೇಳ್ತಿದ್ರು, ನಿಮ್ಮ ಸ್ಕೂಲಿನ ಹಾಜರಿಯಲ್ಲಿ ಆ ಹುಡುಗಿ ದಿನಾ ಬರ್ತಿದಾಳಂತೆ. ಅಲ್ಲಿ ಇರೋಳು ನಮ್ಮನೇಲಿ ಹೇಗಿರ್ತಾಳೆ ಗೌರಿ?"

ಅವನು ಬೆದರಿಸುವಂತೆ ಹೇಳಲಿಲ್ಲ. ಲೆಕ್ಕದ ತಪ್ಪನ್ನು ತೋರಿಸುವವರ ಹಾಗೆ ಹೇಳಿದ. ಶ್ರೀಗೌರಿ ಆರೂವರೆಯ ಬಸ್ಸಿಗೆ ಹೊರಟಳು. ಗೇಟು ಹಾಕಲು ಬಂದ ಸ್ನೇಹಲತಾ ಬೀಗ ಹಾಕಿ, ಸರಿಯಾಗಿ ಬಿತ್ತೇ ಎಂದು ಎಳೆದು ನೋಡಿ ಒಳಗೆ ಹೋದಳು.

ಮನೆಯಲ್ಲಿ ಅಪ್ಪನ ಜೊತೆ ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ಅವರೇ, "ತಂದೆಯಿಲ್ಲದ ಮಗುವಿಗೆ ಒಂದು ದಾರಿಯಾಯಿತು ಅಂತಲೇ ನಾನು ಒಪ್ಪಿದ್ದು ಗೌರಿ," ಎಂದರು. ಅವರು ಅದನ್ನು ನಂಬಿದ್ದರು ಎಂಬುದು ಅವಳಿಗೆ ಗೊತ್ತಿತ್ತು.

ನವೆಂಬರ್ ಮೊದಲ ಭಾನುವಾರ ಅವಳು ಮಲ್ಲಿಗಮ್ಮನನ್ನು ಹುಡುಕಿಕೊಂಡು ರಾಮನಾಥಪುರಕ್ಕೆ ಹೋದಳು. ಬಸ್ಸಿಳಿದು ಕೇಳುತ್ತ ಕೇಳುತ್ತ ಎರಡು ಮೈಲಿ ನಡೆದ ಮೇಲೆ ಹೊಲದ ನಡುವೆ ಎತ್ತರದ ಮಣ್ಣುಗೋಡೆಯ ಬ್ಯಾರನ್ ಸಿಕ್ಕಿತು. ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವ ಮನೆ ಅದು. ಚಪ್ಪರದ ಕೆಳಗೆ ಹೆಂಗಸರು ಸಾಲಾಗಿ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಅವರ ನಡುವೆ ಎಂಟು ಹತ್ತು ವರ್ಷದ ಮಕ್ಕಳೂ ಇದ್ದರು. ಒಂದು ಮಗು ಸುಸ್ತಾಗಿ ಗೋಣಿಚೀಲದ ಮೇಲೆ ಮಲಗಿತ್ತು. ಸೊಪ್ಪಿನ ಘಾಟಿಗೆ ವಾಂತಿಯಾಯಿತೆಂದು ಯಾರೋ ಹೇಳಿದರು.

ಮಲ್ಲಿಗಮ್ಮ ಎದ್ದು ಬಂದಳು. ಸೊಪ್ಪಿನ ಅಂಟಿಗೆ ಅವಳ ಅಂಗೈ ಕಪ್ಪಾಗಿತ್ತು. ಇಬ್ಬರೂ ಬದುವಿನ ಮೇಲೆ ಕೂತರು.

"ನಿಮ್ಮಕ್ಕೋರ ಮನೇಲಿ ಏನಾರ ಆಯ್ತಾ ಮೇಡಮ್ಮೋರೆ?"

"ಏನೂ ಆಗಿಲ್ಲ. ಚೆನ್ನಾಗಿದಾಳೆ. ಆದರೆ ಓದು ಬಿಟ್ಟುಹೋಯ್ತಲ್ಲ ಮಲ್ಲಿಗಮ್ಮ. ಈಗಷ್ಟೇ ಓದೋಕೆ ಬಂದಿತ್ತು ಅವಳಿಗೆ."

ಮಲ್ಲಿಗಮ್ಮ ಬೆರಳಿನ ಅಂಟನ್ನು ಮಣ್ಣಿಗೆ ಉಜ್ಜುತ್ತಿದ್ದಳು.

"ನಾನು ಇಲ್ಲಿ ಇರ್ತೀನಿ. ನಮ್ಮತ್ತೆಗೆ ಕಣ್ ಕಾಣಕಿಲ್ಲ, ಕಿವೀನೂ ಅಷ್ಟಕ್ಕಷ್ಟೇಯ. ಮನೆ ಬಾಗ್ಲಿಗೆ ಚಿಲ್ಕ ಇಲ್ಲ. ಯುಗಾದಿ ಕಳ್ದ ಮ್ಯಾಕೆ ಎಲ್ಡು ದಪ ಯಾರೋ ಬಂದು ಬಾಗ್ಲು ತಳ್ಳವ್ರೆ. ಮಗ ಬೆಳಗಾಗಗಂಟ ಒಲೆ ಊದೋ ಕೊಳ್ವೆ ಇಡ್ಕಂಡು ಮೂಲೇಲಿ ಕೂತಿದ್ಲಂತೆ."

"ಯಾರು?"

"ಯಾರೂಂತ ಯೋಳ್ಲಿ. ಯೋಳಿದ್ರೆ ಆ ಊರಾಗೆ ಇರಕ್ಕಾಯ್ತದಾ?" ಅವಳು ಅಂಗೈಯನ್ನು ಮತ್ತೊಮ್ಮೆ ಮಣ್ಣಿಗೆ ಉಜ್ಜಿದಳು. "ನಿಮ್ಮಕ್ಕೋರ ಮನೆ ಗೇಟ್ಗೆ ಬೀಗ ಆಕ್ತಾರೆ ಅಂತ ನಂಜಪ್ಪಣ್ಣ ಯೋಳ್ತು. ಅದ್ಕೇ ಕಳಿಸ್ದೆ. ದುಡ್ಡಿಗಲ್ಲ ಕಣ್ ಮೇಡಮ್ಮೋರೆ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಯೋಳಿದ್ರೆ ಏನ್ ಮಾಡ್ತಿದ್ರಿ?"

ಶ್ರೀಗೌರಿ ಅರಕಲಗೂಡಿನಲ್ಲಿರುವ ಹೆಣ್ಣುಮಕ್ಕಳ ಹಾಸ್ಟೆಲ್ ಬಗ್ಗೆ ಹೇಳಿದಳು. ಹೊಸ ಸೀಟು ಕೊಡುವುದು ಜೂನ್‌ನಲ್ಲಿ, ತಾನೇ ಅರ್ಜಿ ಹಾಕಿಸುತ್ತೇನೆ ಎಂದಳು.

"ಜೂನ್ ಗಂಟ ಎಲ್ಲಿರ್ಲಿ? ನಿಮ್ಮನೇಲಿ ಮಡೀಕಂತೀರಾ?"

ಕೇಳಿದ್ದು ಅಷ್ಟೇ. ಶ್ರೀಗೌರಿಯ ಕಣ್ಣ ಮುಂದೆ ಹೊಳೆನರಸೀಪುರದ ಮನೆ ಬಂತು, ಅಪ್ಪನ ಮಡಿಯ ಅಡುಗೆಮನೆ ಬಂತು. ಅಕ್ಕ ಅನ್ನಬಹುದಾದ ಮಾತು ಬಂತು: ನನ್ನಿಂದ ಬಿಡಿಸಿ ನೀನು ಇಟ್ಟುಕೊಂಡೆಯಾ? ನಾಲ್ಕೈದು ಕ್ಷಣ ಅವಳು ಸುಮ್ಮನಿದ್ದಳು. ಆಮೇಲೆ "ಅಪ್ಪನ್ನ ಕೇಳ್ತೀನಿ" ಎಂದಳು.

ಮಲ್ಲಿಗಮ್ಮ ಆ ಮೌನವನ್ನು ನೋಡಿದ್ದಳು. "ಬ್ಯಾಡಿ ಬುಡಿ. ನಿಮ್ಗೂ ಕಷ್ಟ," ಎಂದು ಸೆರಗು ಕೊಡವಿ ಎದ್ದಳು. "ಅಲ್ಲೇ ಇರ್ಲಿ. ಅನ್ನ ಉಣ್ಣೋ ತಾವ ಅವ್ಳೆ."

ಅಪ್ಪನನ್ನು ಕೇಳಿದಳು. ಅವರು ಬೇಡವೆನ್ನಲಿಲ್ಲ, ಸಂಕ್ರಾಂತಿ ಕಳೆಯಲಿ ನೋಡೋಣ ಎಂದರು. ಅವಳೂ ಸಂಕ್ರಾಂತಿ ಕಳೆಯಲಿ ಎಂದುಕೊಂಡಳು.

ಜನವರಿ ಕೊನೆಗೆ ಶಾಲೆಯಿಂದ ಹೊರಗುಳಿದ ಮಕ್ಕಳ ಗಣತಿ ಬಂತು. ಮನೆಮನೆಗೆ ಹೋಗಿ ಬರೆದುಕೊಳ್ಳುವ ಕೆಲಸ ಶಿಕ್ಷಕರದು. ಅರಕಲಗೂಡಿನ ತರಬೇತಿಯಲ್ಲಿ ಅಧಿಕಾರಿಯೊಬ್ಬರು, ಈ ಪಟ್ಟಿಯಲ್ಲಿ ಬಂದ ಮಕ್ಕಳನ್ನು ಏಪ್ರಿಲ್‌ನಲ್ಲಿ ನಡೆಯುವ ವಸತಿ ಶಿಬಿರಕ್ಕೆ ಸೇರಿಸುತ್ತೇವೆ, ಎರಡು ತಿಂಗಳು ಅಲ್ಲೇ ಊಟ, ಅಲ್ಲೇ ಓದು, ಅಲ್ಲಿಂದ ನೇರ ಹಾಸ್ಟೆಲ್ ಎಂದರು. ಶ್ರೀಗೌರಿ ಅದನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಇದು ಆಗುತ್ತದೆ ಎನಿಸಿತು. ಯಾರ ಮನೆಯನ್ನೂ ಯಾರೂ ಕೇಳಬೇಕಿಲ್ಲ, ಸರ್ಕಾರವೇ ಕರೆದುಕೊಂಡು ಹೋಗುತ್ತದೆ.

ಬರೆಯುವ ಮೊದಲು ಹೆಡ್‌ಮಾಸ್ಟರಿಗೆ ಹೇಳಿದಳು. ಚಂದ್ರಶೇಖರಯ್ಯನವರು ಬಹಳ ಹೊತ್ತು ಕನ್ನಡಕ ಒರೆಸಿದರು.

"ಹಾಜರಿ ಪುಸ್ತಕದ ಗತಿ?"

"ತಪ್ಪು ನಾನೂ ಮಾಡಿದೀನಿ ಸಾರ್. ಕೇಳಿದ್ರೆ ಹಾಗೇ ಹೇಳ್ತೀನಿ."

"ನೀವು ಹೇಳ್ತೀರಿ. ನನ್ನ ಪೆನ್ಷನ್ ಕಾಗದ ಹೋಗೋ ಸಮಯ." ಆಮೇಲೆ ಕನ್ನಡಕ ಹಾಕಿಕೊಂಡು, "ಬರೀರಿ. ಮಗೂಗೆ ಒಳ್ಳೇದಾದ್ರೆ ಆಗ್ಲಿ," ಎಂದರು.

ಅವಳು ಬರೆದಳು. ಸ್ನೇಹಲತಾ, ಹನ್ನೊಂದು ವರ್ಷ, ಶಾಲೆ ಬಿಟ್ಟಿದ್ದಾಳೆ, ಕಾರಣ: ಹಾಸನದಲ್ಲಿ ಮನೆಗೆಲಸ. ಯಾರ ಮನೆ ಎಂದು ಬರೆಯಲಿಲ್ಲ.

ಫೆಬ್ರವರಿಯಲ್ಲಿ ಇಲಾಖೆಯವರು ಊರಿಗೆ ಬಂದರು. ನೇರ ಹೋದದ್ದು ನಂಜಪ್ಪನ ಮನೆಗೆ, ಊರಿಗೆ ದೊಡ್ಡ ಮನುಷ್ಯನೆಂದು. ಮಗು ಯಾರ ಮನೆಯಲ್ಲಿದೆ ಎಂದು ಕೇಳಿದರು. ನಂಜಪ್ಪ, ವಿಚಾರಿಸಿ ಹೇಳುತ್ತೇನೆ ಎಂದು ಮಜ್ಜಿಗೆ ಕೊಟ್ಟು ಕಳಿಸಿದ. ಸಂಜೆ ಹಾಸನಕ್ಕೆ ಫೋನ್ ಮಾಡಿದ.

ಇದೆಲ್ಲ ಶ್ರೀಗೌರಿಗೆ ತಿಳಿದದ್ದು ಇಂಚರಳಿಂದ. ಒಂದು ಮಧ್ಯಾಹ್ನ ಅವಳು ಶಾಲೆಯಿಂದ ಬಂದು, ತಾಯಿ ಇಲ್ಲದ ಹೊತ್ತಿನಲ್ಲಿ ಫೋನ್ ಮಾಡಿದ್ದಳು. ಅದು ಶನಿವಾರ, ಶ್ರೀಗೌರಿ ಆಗಷ್ಟೇ ಮನೆಗೆ ಬಂದಿದ್ದಳು.

"ಚಿಕ್ಕಿ, ಸ್ನೇಹನ್ನ ಪುಣೆಗೆ ಕಳಿಸಿಬಿಟ್ರು."

"ಯಾವಾಗ?"

"ಮೊನ್ನೆ. ಅಪ್ಪನ ಕಸಿನ್ ಬಂದಿದ್ರಲ್ಲ, ಅವರ ಜೊತೆ ಕಾರಲ್ಲಿ. ಅವಳಿಗೆ ಊರಿಗೆ ಹೋಗ್ತಿದೀವಿ ಅಂದ್ರು ಚಿಕ್ಕಿ. ಅವಳು ನನ್ನ ಹಳೆ ಬ್ಯಾಗ್ ಕೇಳಿದ್ಲು, ಸ್ಕೂಲಿಗೆ ಬೇಕು ಅಂತ. ಕೊಟ್ಟೆ."

ಶ್ರೀಗೌರಿ ಅಂದೇ ಹಾಸನಕ್ಕೆ ಹೋದಳು. ಸರಸ ಅಳುತ್ತಿದ್ದಳು. ಇವರ ಪ್ರಮೋಷನ್ ಇದೆ, ಹೆಸರು ಪೇಪರಿಗೆ ಬಂದರೆ ಏನು ಗತಿ, ನೀನು ಒಡಹುಟ್ಟಿದವಳಾಗಿ ಹೀಗೆ ಮಾಡಬಹುದಾ ಎಂದಳು. ಪುಣೆಯ ವಿಳಾಸ ಕೇಳಿದ್ದಕ್ಕೆ ಮುರಳೀಕೃಷ್ಣ ಪೇಪರು ಮಡಿಸಿಟ್ಟ.

"ಯಾವ ಹುಡುಗಿ ಗೌರಿ? ನಮ್ಮನೇಲಿ ಯಾರೂ ಇರಲಿಲ್ಲ."

ಆತ್ರೇಯ ಬಾಗಿಲ ಹತ್ತಿರ ನಿಂತು ಹಿತ್ತಿಲ ಕಡೆ ಕೈ ತೋರಿಸುತ್ತ, ತನಗೆ ಬರುತ್ತಿದ್ದ ಮಾತಿನಲ್ಲಿ "ನೇಹಾ, ನೇಹಾ" ಎನ್ನುತ್ತಿದ್ದ. ಸರಸ ಅವನನ್ನು ಎತ್ತಿಕೊಂಡು ಕೋಣೆಗೆ ಹೋದಳು.

ಶ್ರೀಗೌರಿ ಹೋಗಬಹುದಾದ ಕಡೆಗೆಲ್ಲ ಹೋದಳು. ಕಾರ್ಮಿಕ ಕಚೇರಿಯ ಗುಮಾಸ್ತರು, ಬೇರೆ ರಾಜ್ಯ ಅಂದಮೇಲೆ ನಮ್ಮ ವ್ಯಾಪ್ತಿಗೆ ಬರೋದಿಲ್ಲ ಮೇಡಂ ಎಂದರು. ಪೊಲೀಸ್ ಠಾಣೆಯಲ್ಲಿ, ತಾಯಿ ಬಂದು ದೂರು ಕೊಡಲಿ ಎಂದರು. ಮಲ್ಲಿಗಮ್ಮ ನಂಜಪ್ಪನ ಮನೆಯ ಕಡೆ ನೋಡಿ, "ನಾನೇ ಕಳಿಸಿದ್ದಲ್ವಾ, ಯಾರ ಮ್ಯಾಲೆ ಕೊಡ್ಲಿ," ಎಂದಳು. ಮಗಳು ಎಷ್ಟು ದೂರ ಹೋಗಿದ್ದಾಳೆ ಎಂದು ಕೇಳಿದಳು. ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಎಂದಳು ಶ್ರೀಗೌರಿ. ಇಂಚರ ತಂದೆಯ ಡೈರಿಯಿಂದ ಕದ್ದು ಬರೆದುಕೊಟ್ಟ ವಿಳಾಸಕ್ಕೆ ಶ್ರೀಗೌರಿ ಮೂರು ಪತ್ರ ಬರೆದಳು. ಯಾವುದಕ್ಕೂ ಉತ್ತರವಿಲ್ಲ. ಏಪ್ರಿಲ್‌ನ ವಸತಿ ಶಿಬಿರ ನಡೆಯಿತು. ಸಂಪಿಗೆಕೊಪ್ಪಲಿನಿಂದ ಯಾರೂ ಇರಲಿಲ್ಲ.

ಸುಳ್ಳು ಹಾಜರಿಗಾಗಿ ಚಂದ್ರಶೇಖರಯ್ಯನವರಿಗೆ ನೋಟಿಸು ಬಂತು, ಒಂದು ಇನ್‌ಕ್ರಿಮೆಂಟು ನಿಂತಿತು. ಅವರು ಅವಳನ್ನು ಒಂದು ಮಾತೂ ಅನ್ನಲಿಲ್ಲ. ಜೂನ್‌ನಲ್ಲಿ ಶಾಲೆಯ ಮೂರನೇ ಹುದ್ದೆ ಹೋಯಿತು, ಶ್ರೀಗೌರಿಯನ್ನು ಚನ್ನರಾಯಪಟ್ಟಣ ತಾಲ್ಲೂಕಿಗೆ, ಬಾಗೂರಿನ ಆಚೆಯ ಒಂದು ಹಳ್ಳಿಗೆ ಹಾಕಿದರು. ದಿನಕ್ಕೆ ನಾಲ್ಕು ಬಸ್ಸು. ಮನೆ ಸೇರುವಾಗ ಏಳು ಗಂಟೆ. ಒಂದು ವರ್ಷ ಹಾಗೆ ತಳ್ಳಿದ ಮೇಲೆ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು, ಇಡೀ ಮಧ್ಯಾಹ್ನ ಅಲ್ಲೇ ಇದ್ದರು. ಸರಸಳೇ ಬಂದು ಅವರನ್ನು ಹಾಸನಕ್ಕೆ ಕರೆದುಕೊಂಡು ಹೋದಳು. ಇನ್ನು ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದುಕೊಂಡಿದ್ದವಳು ಪ್ರತಿ ಭಾನುವಾರ ಅಪ್ಪನನ್ನು ನೋಡಲು ಹತ್ತತೊಡಗಿದಳು. ಊಟ ಹಾಕುವರು, ಉಂಡು ಬರುವಳು. ಸ್ನೇಹಲತಾಳ ಹೆಸರನ್ನು ಅಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮೊದಮೊದಲು ಅವಳೇ ಎತ್ತುತ್ತಿದ್ದಳು. ಆ ಹುಡುಗಿ ಅಲ್ಲಿಂದಲೂ ಬೇರೆ ಮನೆಗೆ ಹೋಗಿದ್ದಾಳಂತೆ, ನಮಗೆ ಗೊತ್ತಿಲ್ಲ ಎಂದು ಅಕ್ಕ ಹೇಳಿದ ಮೇಲೆ ಅದೂ ನಿಂತಿತು.

2005ರ ಡಿಸೆಂಬರಿನ ಒಂದು ಭಾನುವಾರ. ಅಪ್ಪನನ್ನು ನೋಡಿಕೊಂಡು ಹಾಸನದ ಬಸ್‌ಸ್ಟ್ಯಾಂಡಿಗೆ ಬಂದಾಗ ಕಬ್ಬಿಣದ ಬೆಂಚಿನ ಮೇಲೆ ಮಲ್ಲಿಗಮ್ಮ ಕೂತಿದ್ದಳು. ಪಕ್ಕದಲ್ಲಿ ಎತ್ತರದ ಒಬ್ಬ ಹುಡುಗಿ, ಚೂಡಿದಾರ, ಎಣ್ಣೆ ಹಾಕಿ ಬಿಗಿದ ಜಡೆ. ಶ್ರೀಗೌರಿ ದಾಟಿ ಹೋಗಿಬಿಡುತ್ತಿದ್ದಳು.

"ಮಿಸ್," ಎಂದಳು ಹುಡುಗಿ.

ಮೂರು ವಾರದ ಹಿಂದೆ ಬಂದಿದ್ದಳಂತೆ. ಪುಣೆಯಲ್ಲಿ ಒಟ್ಟು ಮೂರು ಮನೆ. ಮೊದಲನೆಯದರಲ್ಲಿ ಎರಡು ವರ್ಷ. ಎರಡನೆಯದರಲ್ಲಿ ಅಜ್ಜಿಯೊಬ್ಬಳಿದ್ದಳು, ಚೆನ್ನಾಗಿ ನೋಡಿಕೊಂಡಳು, ತೀರಿಹೋದಳು. ಮೂರನೆಯದು ಬಿಟ್ಟು ತಾನೇ ಬಂದದ್ದು; ಕನ್ನಡದವರೊಬ್ಬರು ಬಸ್ಸು ಹತ್ತಿಸಿದರಂತೆ. ಮಾತಿನ ನಡುವೆ ಹಿಂದಿ ಪದಗಳು ಬರುತ್ತಿದ್ದವು, ಬಂದಾಗ ಅವಳು ನಿಲ್ಲಿಸಿ ಕನ್ನಡದ್ದನ್ನು ಹುಡುಕುತ್ತಿದ್ದಳು.

"ಆ ಮನೆ ಯಾಕೆ ಬಿಟ್ಟೆ ಸ್ನೇಹ?"

ಹುಡುಗಿ ತಾಯಿಯ ಕಡೆ ನೋಡಿದಳು. ಮಲ್ಲಿಗಮ್ಮ ಬಸ್ಸುಗಳ ಕಡೆ ನೋಡುತ್ತಿದ್ದಳು.

"ಸುಮ್ಕೆ, ಮಿಸ್."

ಶ್ರೀಗೌರಿ ಬೆಂಚಿನ ತುದಿಯಲ್ಲಿ ಕೂತಳು. ಕೇಳಬಾರದೆಂದು ಗೊತ್ತಿತ್ತು, ಕೇಳದೆ ಇರುವುದೂ ಸರಿಯಲ್ಲ ಎಂದು ಗೊತ್ತಿತ್ತು. ಡಾಕ್ಟರ ಹತ್ತಿರ ಹೋಗಿದ್ದೀರಾ ಎಂದು ಮೆಲ್ಲಗೆ ಕೇಳಿದಳು. "ಓಗಿದ್ವು. ಏನಿಲ್ವಂತೆ," ಎಂದಳು ಮಲ್ಲಿಗಮ್ಮ, ಮುಖ ತಿರುಗಿಸದೆ.

"ಮಿಸ್," ಎಂದಳು ಸ್ನೇಹಲತಾ ಮತ್ತೆ. "ನೀವು ಏನೋ ಬರ್ದ್ರಿ, ಅದ್ಕೇ ನನ್ನ ಅಲ್ಲಿಗೆ ಕಳ್ಸಿದ್ದು ಅಂತ ಪುಣೇಲಿ ಮೊದಲ್ನೇ ಮನೇಲಿ ಅಂತಿದ್ರು. ನಿಜವಾ?"

"ನಿಜ."

"ಅಂಗಾ."

ಅವಳು ದೂರಲಿಲ್ಲ. ಬಹಳ ದಿನದಿಂದ ತಿಳಿಯಬೇಕೆಂದಿದ್ದ ಒಂದು ಸಂಗತಿಯನ್ನು ತಿಳಿದುಕೊಂಡವಳ ಹಾಗೆ ತಲೆಯಾಡಿಸಿದಳು. ಶ್ರೀಗೌರಿ ಹೇಳಬೇಕೆಂದುಕೊಂಡದ್ದು ಬಹಳವಿತ್ತು: ಶಿಬಿರ, ಹಾಸ್ಟೆಲು, ಬದುವಿನ ಮೇಲೆ ತಾನು ಸುಮ್ಮನಿದ್ದ ಆ ನಾಲ್ಕೈದು ಕ್ಷಣ. ಯಾವುದನ್ನು ಹೇಳಿದರೂ ತನ್ನನ್ನು ಬಿಡಿಸಿಕೊಳ್ಳುವ ಮಾತಾಗುತ್ತಿತ್ತು.

ಅವರು ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಕೇಳಲು ಬಂದಿದ್ದರು. ಹದಿನೆಂಟಾಗಿರಬೇಕಂತೆ. ಹುಡುಗಿಗೆ ಹದಿನೈದು. ಊರಿನವನೊಬ್ಬ ಹೇಗೋ ಕಾಗದ ಮಾಡಿಸಿಕೊಡುತ್ತೇನೆಂದಿದ್ದ. ಮುಂದಿನ ವಾರದಿಂದ ಬಾ ಎಂದಿದ್ದರು. ಅಲ್ಲಿಯೇ ಹತ್ತಿರ ನಾಲ್ಕು ಹುಡುಗಿಯರು ಒಂದು ರೂಮು ಮಾಡಿಕೊಂಡಿದ್ದಾರೆ, ಅವರ ಜೊತೆ ಇರುವುದು.

"ಮನೇಲಿ ಕೂತು ಓದಿ ಎಸ್ಸೆಸ್ಸೆಲ್ಸಿ ಕಟ್ಟಬಹುದು ಸ್ನೇಹ," ಎಂದು ಶ್ರೀಗೌರಿ ಶುರು ಮಾಡಿದಳು. "ನೇರವಾಗಿ ಪರೀಕ್ಷೆಗೆ ಕೂರೋಕೆ ಬಿಡ್ತಾರೆ. ನಾನು ಪುಸ್ತಕ ತಂದುಕೊಡ್ತೀನಿ. ಭಾನುವಾರ ನಾನು ಹೇಗೂ ಹಾಸನಕ್ಕೆ ಬರ್ತೀನಿ, ಆಗ..."

"ಆಯ್ತು ಮಿಸ್," ಎಂದಳು ಹುಡುಗಿ ಮರ್ಯಾದೆಯಿಂದ. ದೊಡ್ಡವರು ಹೇಳಿದ್ದಕ್ಕೆಲ್ಲ ಆಯ್ತು ಎಂದು ರೂಢಿಯಾದ ದನಿ ಅದು. ಶ್ರೀಗೌರಿ ಚೀಟಿಯಲ್ಲಿ ವಿಳಾಸ, ಫೋನ್ ನಂಬರು ಬರೆದುಕೊಟ್ಟಳು. ಸ್ನೇಹಲತಾ ಅದನ್ನು ನೋಡದೆ ಮಡಿಸಿ ತಾಯಿಗೆ ಕೊಟ್ಟಳು. ಮಲ್ಲಿಗಮ್ಮ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು.

ಅರಕಲಗೂಡಿನ ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು. ಮಲ್ಲಿಗಮ್ಮ ಚೀಲವೆತ್ತಿಕೊಂಡು, "ಬತ್ತೀವಿ ಮೇಡಮ್ಮೋರೆ," ಎಂದು ನುಗ್ಗಿದಳು. ಸ್ನೇಹಲತಾ ಹಿಂದೆ ಹೋದವಳು ಎರಡು ಹೆಜ್ಜೆ ವಾಪಸು ಬಂದಳು.

"ಮಿಸ್, ಆತ್ರೇಯ ಪಾಪು ಎಂಗದೆ?"

"ಚೆನ್ನಾಗಿದಾನೆ. ಯುಕೆಜಿ ಈಗ."

"ನನ್ನ ನೆನಸ್ಕಂತದಾ?"

ಆಗಷ್ಟೇ ಅಲ್ಲಿಂದ ಬಂದಿದ್ದಳು ಶ್ರೀಗೌರಿ. ಮಗು ಸೈಕಲ್ಲು ತುಳಿಯುತ್ತ ಅವಳ 'ಬರ್ತೀನೋ ಪುಟ್ಟ' ಎಂಬ ಮಾತಿಗೂ ತಿರುಗಿರಲಿಲ್ಲ.

"ನೆನೆಸಿಕೊಳ್ತಾನೆ," ಎಂದಳು. "ನೇಹಾ ಎಲ್ಲಿ ಅಂತ ಕೇಳ್ತಿರ್ತಾನೆ."

ಹುಡುಗಿಯ ಮುಖದಲ್ಲಿ ನಗು ಬಂತು. ಅಷ್ಟು ಹೊತ್ತಿನಲ್ಲಿ ಮೊದಲ ಸಲ. ಅವಳು ಇನ್ನೇನೋ ಕೇಳಬೇಕೆನ್ನುವಷ್ಟರಲ್ಲಿ ಮಲ್ಲಿಗಮ್ಮ ಕಿಟಕಿಯಿಂದ ಕೂಗಿದಳು, ಸೀಟು ಹಿಡಿದಿದ್ದಳು. ಸ್ನೇಹಲತಾ ಓಡಿ ಹತ್ತಿಕೊಂಡಳು. ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಹೋಯಿತು. ಶ್ರೀಗೌರಿ ಹೊಳೆನರಸೀಪುರದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಪಕ್ಕದವರನ್ನು ಕೇಳಿದಳು. ಪ್ರತಿ ಭಾನುವಾರ ಹತ್ತುವ ಬಸ್ಸು, ಆ ಹೊತ್ತಿಗೆ ಅದು ಮರೆತುಹೋಗಿತ್ತು.